ಕಂಪ್ಯೂಟರ್ ಕೊಡಿ, ಮುರಿಯುವ ಮಷೀನನ್ನೂ ಉಳಿಸಿ

ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ ಮತ್ತು ಸಂಶೋಧನೆಗೆ ಅನುದಾನ ಹಂಚುವ ಸಮಿತಿಗಳ ಸದಸ್ಯರಿಗೆ,

ನಮಸ್ಕಾರ.

ನಾನು ಕಂಪ್ಯೂಟೇಶನಲ್ ಮೆಕ್ಯಾನಿಕ್ಸ್ ಕಡೆಯವನು. ಒಂದು ಲೋಹದ ತುಂಡು, ಒಂದು ಕಾಂಕ್ರೀಟ್ ಗೋಡೆ, ಒಂದು ಟರ್ಬೈನ್ ಬ್ಲೇಡು ಭಾರ ಬಿದ್ದಾಗ ಎಷ್ಟು ಬಾಗುತ್ತದೆ, ಎಲ್ಲಿ ಬಿರುಕು ಬಿಡುತ್ತದೆ ಅಂತ ಲೆಕ್ಕ ಹಾಕುವುದು ನನ್ನ ಕಸುಬು. ಅಂಥವನು ಕಂಪ್ಯೂಟರಿಗೆ ದುಡ್ಡು ಕೇಳಬೇಕು, ಅಲ್ವಾ? ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಪಕ್ಕದ ಲ್ಯಾಬಿಗೆ. ಎಳೆದು, ಒತ್ತಿ, ತಿರುಚಿ, ಮುರಿಯುವ ಲ್ಯಾಬಿಗೆ.

ನಾನು ಕಂಡ ಹಲವು ವಿಭಾಗಗಳಲ್ಲಿ ಒಂದೇ ಕಥೆ. ಹೊಸ ಸರ್ವರ್‌ಗಳಿಗೆ ಎಸಿ ಕೋಣೆ ಬೇಕು, ಟೆಸ್ಟಿಂಗ್ ಲ್ಯಾಬಿನ ಅರ್ಧ ಜಾಗ ಹೋಗುತ್ತದೆ. ಮಷೀನು ನೋಡಿಕೊಳ್ಳುತ್ತಿದ್ದ ಟೆಕ್ನಿಷಿಯನ್ ನಿವೃತ್ತರಾಗುತ್ತಾರೆ, ಆ ಹುದ್ದೆ ಖಾಲಿಯೇ ಉಳಿಯುತ್ತದೆ. ಬಲ ಅಳೆಯುವ ಲೋಡ್ ಸೆಲ್‌ನ ಕ್ಯಾಲಿಬ್ರೇಶನ್ ಅವಧಿ ಮುಗಿದು ಎಷ್ಟು ಕಾಲವಾಯಿತೋ ಯಾರಿಗೂ ನೆನಪಿರುವುದಿಲ್ಲ. ವಿಚಾರಿಸಿದರೆ ಬರುವ ಮಾತು ಇಷ್ಟೇ: "ಈಗೆಲ್ಲ ಕಂಪ್ಯೂಟರಿನಲ್ಲೇ ಆಗುತ್ತಲ್ಲ, ಇನ್ನೂ ಯಾಕೆ ಕಬ್ಬಿಣ ಮುರಿಯುತ್ತ ಕೂರಬೇಕು?"

ಇದು ಸುಮ್ನೆ ತಳ್ಳಿಹಾಕುವ ಪ್ರಶ್ನೆ ಅಲ್ಲ. ವಸ್ತುವಿನೊಳಗಿನ ಒತ್ತಡ, ಅಂದರೆ ಸ್ಟ್ರೆಸ್, ತೋರಿಸುವ ಬಣ್ಣಬಣ್ಣದ ಚಿತ್ರಗಳನ್ನು ಮುಂದಿಟ್ಟು ಈ ನಂಬಿಕೆ ಬೆಳೆಸಿದ್ದು ನಮ್ಮ ಕ್ಷೇತ್ರವೇ. ಹಾಗಾಗಿ ಉತ್ತರವೂ ನಮ್ಮ ಕಡೆಯಿಂದಲೇ ಬಂದರೆ ಸರಿ.

ಮೊದಲು ಲೆಕ್ಕದ ಒಳಗೆ ಏನಿದೆ ಅಂತ ಹೇಳಿಬಿಡುತ್ತೇನೆ. ನಮ್ಮಲ್ಲಿ ಜಾಸ್ತಿ ಬಳಕೆಯಲ್ಲಿರುವುದು ಫೈನೈಟ್ ಎಲಿಮೆಂಟ್ ವಿಧಾನ. ವಸ್ತುವನ್ನು ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಸಣ್ಣ ತುಣುಕುಗಳಾಗಿ ವಿಂಗಡಿಸುತ್ತೇವೆ. ಆ ತುಣುಕುಗಳ ಜಾಲವೇ ಮೆಶ್. 1943ರಲ್ಲಿ ಗಣಿತಜ್ಞ ರಿಚರ್ಡ್ ಕೂರಾಂಟ್ ಪ್ರಕಟಿಸಿದ ಲೇಖನವೊಂದರಲ್ಲಿ ಇದರ ಬೀಜ ಇತ್ತು. 1956ರಲ್ಲಿ ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಎಂಬ ನಾಲ್ವರು ವಿಮಾನದ ರಚನೆಗಳ ಲೆಕ್ಕಕ್ಕಾಗಿ ಅದನ್ನು ಎಂಜಿನಿಯರ್‌ಗಳ ಕೈಗೆ ಸಿಗುವಂತೆ ಮಾಡಿದರು. 1960ರಲ್ಲಿ ಕ್ಲಫ್ ಅದಕ್ಕೆ ಈಗಿನ ಹೆಸರಿಟ್ಟರು.

ಈ ಲೆಕ್ಕ ನಿಲ್ಲುವುದು ಮೂರು ಸಂಗತಿಗಳ ಮೇಲೆ. ಬಲಗಳು ಸಮತೋಲದಲ್ಲಿರಬೇಕು. ಅಕ್ಕಪಕ್ಕದ ತುಣುಕುಗಳು ಹೊಂದಿಕೊಂಡೇ ಬಾಗಬೇಕು, ನಡುವೆ ಸಂದು ಬೀಳಬಾರದು. ಮೂರನೆಯದು, ವಸ್ತುವನ್ನು ಇಷ್ಟು ಎಳೆದರೆ ಅದು ಎಷ್ಟು ಬಲದಿಂದ ತಡೆಯುತ್ತದೆ ಅನ್ನುವುದು. ಮೊದಲೆರಡಕ್ಕೆ ನ್ಯೂಟನ್ ನಿಯಮ ಮತ್ತು ಜ್ಯಾಮಿತಿ ಸಾಕು. ಮೂರನೆಯದು ತುಂಡನ್ನು ಎಳೆದು ನೋಡಿದವರಿಂದಲೇ ಬರಬೇಕು. ಶುದ್ಧವಾದ ಒಂದು ಹರಳಿನ ಬಿಗಿತವನ್ನು ಪರಮಾಣುಗಳ ಮಟ್ಟದಿಂದ ಲೆಕ್ಕ ಹಾಕಿ ಹೇಳಬಹುದು, ಅದು ನಿಜ. ಆದರೆ ಕಾರ್ಖಾನೆಯಿಂದ ಬಂದ ತಗಡಿನಲ್ಲಿ ಹರಳಿನ ಕಣಗಳು ಸಾವಿರ ದಿಕ್ಕಿಗೆ ಮುಖ ಮಾಡಿರುತ್ತವೆ. ಬೇರೆ ಲೋಹದ ಸಣ್ಣ ಕಣಗಳು ಸೇರಿರುತ್ತವೆ. ರೋಲರ್ ನಡುವೆ ಒತ್ತಿದ ನೆನಪೂ ಉಳಿದಿರುತ್ತದೆ. ಅಂಥ ತಗಡು ಎಲ್ಲಿ ಹರಿಯುತ್ತದೆ ಅಂತ ಪರಮಾಣುವಿನಿಂದ ಶುರು ಮಾಡಿ ನಂಬುವ ಹಾಗೆ ಹೇಳಲು ಇವತ್ತಿಗೂ ಆಗುವುದಿಲ್ಲ.

ಲೆಕ್ಕ ತಪ್ಪುವುದು ಎರಡು ಬಗೆಯಲ್ಲಿ. ಇವೆರಡನ್ನೂ ಬೇರೆಬೇರೆಯಾಗಿ ನೋಡದೆ ದುಡ್ಡು ಹಂಚಿದರೆ ದುಡ್ಡು ದಂಡ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ಬಗೆಗೆ ನಮ್ಮಲ್ಲಿ ಎಲ್ಲರೂ ಹೇಳುವ ಉದಾಹರಣೆ ನಾರ್ವೆಯ ಸ್ಲೈಪ್ನರ್ ಎ. ಉತ್ತರ ಸಮುದ್ರದಲ್ಲಿ ಅನಿಲ ತೆಗೆಯಲು ಕಟ್ಟುತ್ತಿದ್ದ ವೇದಿಕೆ ಅದು. ಅದರ ಕೆಳಗಿನ ಕಾಂಕ್ರೀಟ್ ಭಾಗದಲ್ಲಿ 24 ದೊಡ್ಡ ಕೋಶಗಳು. 1991ರ ಆಗಸ್ಟ್ 23ರಂದು ಸ್ಟಾವಂಗರ್ ಹತ್ತಿರದ ಫಿಯೋರ್ಡ್‌ನಲ್ಲಿ ಅದನ್ನು ನಿಧಾನವಾಗಿ ನೀರಿಗೆ ಇಳಿಸಿ ಪರೀಕ್ಷೆ ಮಾಡುತ್ತಿದ್ದರು. ಸುಮಾರು 65 ಮೀಟರ್ ನೀರಿನೊತ್ತಡ ಬಿದ್ದಾಗ ಕೋಶಗಳ ನಡುವಿನ ಗೋಡೆ ಸೀಳಿತು. ಒಳಗೆ ನುಗ್ಗಿದ ನೀರನ್ನು ಹೊರಹಾಕಲು ಪಂಪುಗಳಿಂದ ಆಗಲಿಲ್ಲ. ಇಡೀ ರಚನೆ ಮುಳುಗಿ 220 ಮೀಟರ್ ಆಳದಲ್ಲಿ ಚೂರಾಯಿತು. ಭೂಕಂಪ ಮಾಪಕಗಳಲ್ಲಿ ಅದು 3ರ ಪ್ರಮಾಣದ ಕಂಪನವಾಗಿ ದಾಖಲಾಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ.

ತನಿಖೆಯಲ್ಲಿ ಎರಡು ವಿಷಯ ಹೊರಬಂದವು. ಗೋಡೆಗಳು ಸೇರುವ ಮೂಲೆಯಲ್ಲಿ ಮೆಶ್ ತುಂಬಾ ಒರಟಾಗಿತ್ತು. ಅದರಿಂದ ಶಿಯರ್ ಸ್ಟ್ರೆಸ್ (ಕತ್ತರಿಯಂತೆ ಅಡ್ಡಡ್ಡ ಜಾರಿಸುವ ಒತ್ತಡ) ಇರಬೇಕಾದ್ದಕ್ಕಿಂತ 47% ಕಮ್ಮಿ ಬಂದಿತ್ತು. ಜೊತೆಗೆ ಅಲ್ಲಿನ ಸರಳುಗಳ ತುದಿಯ ಹಿಡಿತವೂ ಸಾಲದಾಗಿತ್ತು. ನನಗೆ ಯಾವಾಗಲೂ ಮುಖ್ಯ ಅನಿಸುವುದು ಆಮೇಲಿನ ಭಾಗ. ಎಚ್ಚರದಿಂದ ಮತ್ತೆ ಲೆಕ್ಕ ಹಾಕಿದಾಗ ಗೋಡೆ 62 ಮೀಟರ್ ಆಳದಲ್ಲಿ ಒಡೆಯುತ್ತದೆ ಅಂತ ಬಂತು. ಒಡೆದದ್ದು 65ರಲ್ಲಿ. ಕಂಪ್ಯೂಟರ್ ಲೆಕ್ಕ ಅಂದರೆ ಸುಳ್ಳು ಅನ್ನುವವರ ಮುಂದೆ ನಾನು ಇದೇ ಎರಡು ಸಂಖ್ಯೆ ಇಡುತ್ತೇನೆ. ಸರಿಯಾಗಿ ಮಾಡಿದ ಲೆಕ್ಕ ಅಷ್ಟು ಹತ್ತಿರ ಬರುತ್ತದೆ.

ಈ ಬಗೆಯ ತಪ್ಪನ್ನು ಪರದೆಯ ಮುಂದೆ ಕೂತೇ ಹಿಡಿಯಬಹುದು. ಮೆಶ್ ಸಣ್ಣದು ಮಾಡಿ, ಇನ್ನೊಮ್ಮೆ ಓಡಿಸಿ, ಉತ್ತರ ಬದಲಾಗುತ್ತಾ ನೋಡಿ. ಇದಕ್ಕೆ ಬೇಕಾದ್ದು ದೊಡ್ಡ ಕಂಪ್ಯೂಟರ್ ಮತ್ತು ತಾಳ್ಮೆ. ನಮ್ಮವರು ಇದಕ್ಕೆ ವೆರಿಫಿಕೇಶನ್ ಅನ್ನುತ್ತಾರೆ. ನೀವು ಕೊಡುವ ಸರ್ವರ್‌ಗಳು ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತವೆ.

ಎರಡನೆಯ ಬಗೆ ಬೇರೆ. ಮೆಶ್ ಸರಿಯಿದೆ, ಸಮೀಕರಣ ಸರಿಯಾಗಿ ಬಿಡಿಸಿದ್ದಾಗಿದೆ, ಆದರೆ ಒಳಗೆ ಹಾಕಿದ ವಸ್ತುವೇ ಬೇರೆ. ಇದನ್ನು ಯಾವ ಕಂಪ್ಯೂಟರೂ ಹಿಡಿಯುವುದಿಲ್ಲ. ಎಷ್ಟು ದೊಡ್ಡದು ಕೊಂಡರೂ ಅಷ್ಟೇ.

6061 ಅಲ್ಯೂಮಿನಿಯಂ ತಗೊಳ್ಳಿ. ಸ್ವಲ್ಪ ಮೆಗ್ನೀಸಿಯಂ, ಸ್ವಲ್ಪ ಸಿಲಿಕಾನ್ ಬೆರೆತ ಮಿಶ್ರಲೋಹ, ತೀರಾ ಸಾಮಾನ್ಯವಾದದ್ದು. ಮೆತ್ತಗೆ ಮಾಡಿಟ್ಟ 'ಓ' ಸ್ಥಿತಿಯಲ್ಲಿ ಅದು ಸುಮಾರು 55 ಮೆಗಾಪ್ಯಾಸ್ಕಲ್‌ಗೇ (ಇದು ಒತ್ತಡದ ಅಳತೆ) ಶಾಶ್ವತವಾಗಿ ಬಾಗತೊಡಗುತ್ತದೆ. ಅದೇ ತುಂಡನ್ನು ಚೆನ್ನಾಗಿ ಕಾಯಿಸಿ, ನೀರಿನಲ್ಲಿ ತಟ್ಟನೆ ತಣಿಸಿ, ಮತ್ತೆ ಹದವಾದ ಬಿಸಿಯಲ್ಲಿ ಕೆಲವು ಗಂಟೆ ಇಟ್ಟರೆ 'ಟಿ6' ಆಗುತ್ತದೆ. ಈಗ ಬಾಗತೊಡಗಲು ಬೇಕಾದ್ದು ಸುಮಾರು 275. ಐದು ಪಟ್ಟು! ತೂಗಿದರೆ ಅದೇ ತೂಕ. ರಾಸಾಯನಿಕ ಪರೀಕ್ಷೆ ಮಾಡಿದರೆ ಅದೇ ಮಿಶ್ರಣ. ಬಾಗುವ ಮುಂಚಿನ ಬಿಗಿತ ನೋಡಿದರೂ ಎರಡಕ್ಕೂ ಸುಮಾರು 69 ಗಿಗಾಪ್ಯಾಸ್ಕಲ್. ಒಳಗೆ ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಹುಟ್ಟಿಕೊಂಡು, ಲೋಹದ ಪದರಗಳು ಜಾರದಂತೆ ಅಡ್ಡ ನಿಂತಿರುತ್ತವೆ.

ಈಗ ಒಬ್ಬ ಪಿಎಚ್‌ಡಿ ವಿದ್ಯಾರ್ಥಿಯ ಜಾಗದಲ್ಲಿ ನಿಂತು ನೋಡಿ. ವಿಭಾಗದಲ್ಲಿ ಟೆಸ್ಟಿಂಗ್ ಮಷೀನು ಕೆಟ್ಟು ನಿಂತಿದೆ. ಸಂಖ್ಯೆಗಳು ಬೇಕು. ಹಳೆಯ ಪೇಪರೊಂದರಲ್ಲಿ '6061' ಅಂತ ಒಂದು ಪಟ್ಟಿ ಸಿಗುತ್ತದೆ. ಆ ಪೇಪರಿನವರು ಇನ್ನೊಂದು ಪೇಪರಿನಿಂದ ಎತ್ತಿಕೊಂಡಿರುತ್ತಾರೆ. ಅಲ್ಲಿಯೂ ಹೀಟ್ ಟ್ರೀಟ್‌ಮೆಂಟ್ ಬಗ್ಗೆ ಅರ್ಧ ಸಾಲು ಇದ್ದರೆ ಹೆಚ್ಚು. ತಗಡು ಎಷ್ಟು ದಪ್ಪ, ರೋಲ್ ಮಾಡಿದ ದಿಕ್ಕಿನಲ್ಲಿ ಕತ್ತರಿಸಿದರೋ ಅಡ್ಡಕ್ಕೋ, ಎಷ್ಟು ವೇಗದಲ್ಲಿ ಎಳೆದರು, ಯಾವುದೂ ಇಲ್ಲ. ಸಂಖ್ಯೆ ಮಾತ್ರ ದಶಮಾಂಶದ ಮೂರು ಸ್ಥಾನದವರೆಗೆ ಇದೆ. ಆ ಪಟ್ಟಿಯ ಮೇಲೆ ಮೂರು ವರ್ಷದ ಕೆಲಸ ನಿಲ್ಲುತ್ತದೆ.

ತುಂಡನ್ನು ಎಳೆದು ಮುರಿಯುವ ಟೆನ್ಸೈಲ್ ಟೆಸ್ಟ್ ಅಂದರೆ ಮೊದಲ ವರ್ಷದವರ ಪ್ರಾಕ್ಟಿಕಲ್ ಅಂತ ಸಮಿತಿಗಳಲ್ಲಿ ನಗುವವರಿದ್ದಾರೆ. ಅವರು ಒಂದನ್ನು ಹತ್ತಿರದಿಂದ ನೋಡಬೇಕು. ಮಧ್ಯೆ ಸಣಕಲಾಗಿ, ತುದಿಗಳಲ್ಲಿ ಅಗಲವಾಗಿ ಕತ್ತರಿಸಿದ ತುಂಡು. ಅದಕ್ಕೆ ಬಿಳಿ ಬಣ್ಣ ಬಳಿದು, ಮೇಲೆ ಕಪ್ಪು ಚುಕ್ಕಿ ಸಿಂಪಡಿಸಿರುತ್ತಾರೆ. ಎದುರಿಗಿರುವ ಎರಡು ಕ್ಯಾಮೆರಾಗಳು ಆ ಚುಕ್ಕಿಗಳು ಎಷ್ಟೆಷ್ಟು ಸರಿದವು ಅಂತ ಹಿಂಬಾಲಿಸುತ್ತವೆ. ಮಷೀನು ಎಳೆಯತೊಡಗಿದಾಗ ಗ್ರಾಫ್ ನೇರವಾಗಿ ಮೇಲೇರುತ್ತದೆ. ಆಮೇಲೆ ಬಾಗಿ, ನಿಧಾನವಾಗಿ ಏರಿ, ಒಂದು ಗರಿಷ್ಠ ಮುಟ್ಟಿ ಇಳಿಯತೊಡಗುತ್ತದೆ. ಅದೇ ಹೊತ್ತಿಗೆ ತುಂಡಿನ ಒಂದು ಜಾಗ ಸೊಂಟದಂತೆ ಸಣ್ಣಗಾಗುತ್ತದೆ.

ಮಜಾ ಇರುವುದು ಇಲ್ಲೇ. ಮಷೀನು ತೋರಿಸುವ ಬಲ ಇಳಿಯುತ್ತಿದೆ. ಆದರೆ ಆ ಸೊಂಟದಲ್ಲಿರುವ ಲೋಹ ಇನ್ನೂ ಗಟ್ಟಿಯಾಗುತ್ತಲೇ ಇದೆ. ಅಡ್ಡಕೊಯ್ತ ಸಣ್ಣದಾಗಿದ್ದರಿಂದ ಒಟ್ಟು ಬಲ ಕಮ್ಮಿ ಕಾಣುತ್ತದೆ, ಅಷ್ಟೇ. ಬಲವನ್ನು ಅಡ್ಡಕೊಯ್ತದ ಮೊದಲಿನ ವಿಸ್ತೀರ್ಣದಿಂದ ಭಾಗಿಸಿ ಬರೆದ ಗ್ರಾಫನ್ನೇ ಕಂಪ್ಯೂಟರಿಗೆ ತುಂಬಿದರೆ, ಗಟ್ಟಿಯಾಗುವ ಲೋಹ ಮೆತ್ತಗಾಗುತ್ತದೆ ಅಂತ ಕಲಿಸಿದ ಹಾಗಾಯಿತು. ಸೊಂಟದ ನಡುವೆ ಎಳೆತ ಒಂದೇ ದಿಕ್ಕಿಗೂ ಇರುವುದಿಲ್ಲ, ಸುತ್ತಲಿನಿಂದಲೂ ಇರುತ್ತದೆ. ಒಳಗೆ ಸೂಕ್ಷ್ಮ ಗುಳಿಗಳು ಹುಟ್ಟಿ, ದೊಡ್ಡದಾಗಿ, ಒಂದಕ್ಕೊಂದು ಸೇರುತ್ತವೆ. ಆಮೇಲೆ ಟಪ್ಪನೆ ಮುರಿಯುತ್ತದೆ. ಮುರಿದ ಎರಡು ತುದಿಗಳನ್ನು ಕೈಯಲ್ಲಿ ಹಿಡಿದು ನೋಡಿದರೆ ಒಂದು ಬಟ್ಟಲಿನಂತೆ, ಇನ್ನೊಂದು ಆ ಬಟ್ಟಲಿಗೆ ಕೂರುವ ಶಂಕುವಿನಂತೆ ಇರುತ್ತದೆ. ಈ ಕೊನೆಯ ಕೆಲವು ಕ್ಷಣಗಳಲ್ಲಿ ನಡೆದದ್ದನ್ನು ಸರಿಯಾಗಿ ಅಳೆದರೆ ಮಾತ್ರ ನನ್ನ ಲೆಕ್ಕ ಬಿರುಕಿನ ಬಗ್ಗೆ ಬಾಯಿ ತೆರೆಯಬಹುದು.

ಅಷ್ಟಾದರೂ ಒಂದು ಟೆಸ್ಟ್ ಸಾಲುವುದಿಲ್ಲ. 1983ರಲ್ಲಿ ಜಾನ್ಸನ್ ಮತ್ತು ಕುಕ್ ಕೊಟ್ಟ ಮಾಡೆಲ್‌ನಲ್ಲಿ ಐದು ಸ್ಥಿರಾಂಕಗಳಿವೆ. ಲೋಹ ಎಷ್ಟು ಗಟ್ಟಿಯಾಗುತ್ತದೆ, ವೇಗ ಹೆಚ್ಚಿದರೆ ಏನಾಗುತ್ತದೆ, ಬಿಸಿಯಾದರೆ ಏನಾಗುತ್ತದೆ, ಎಲ್ಲವನ್ನೂ ಆ ಐದರಲ್ಲಿ ಹಿಡಿಯುವ ಪ್ರಯತ್ನ. ನಮ್ಮಲ್ಲಿ ಇದರಷ್ಟು ಬಳಕೆಯಾದ ಮಾಡೆಲ್‌ಗಳು ಕಮ್ಮಿ. ನಿಧಾನವಾಗಿ ಎಳೆದ ಒಂದೇ ಗ್ರಾಫಿಗೆ ಸರಿಹೊಂದುವ ಸ್ಥಿರಾಂಕಗಳ ಗುಂಪುಗಳು ಒಂದಲ್ಲ, ಹತ್ತು ಸಿಗುತ್ತವೆ. ಎಳೆತದಲ್ಲಿ ಹತ್ತೂ ಒಂದೇ ಉತ್ತರ ಕೊಡುತ್ತವೆ. ಅದೇ ತುಂಡನ್ನು ತಿರುಚಿ ನೋಡಿ, ಇಲ್ಲವೇ ಜೋರಾಗಿ ಹೊಡೆದು ನೋಡಿ, ಹತ್ತೂ ಹತ್ತು ದಿಕ್ಕಿಗೆ ಹೋಗುತ್ತವೆ. ಯಾವುದು ಸರಿ ಅಂತ ಆರಿಸಲು ತಿರುಚುವ ಮಷೀನೇ ಬೇಕು.

ಬಿರುಕಿನ ವಿಷಯಕ್ಕೆ ಬಂದರೆ ಇನ್ನೊಂದು ತೊಡಕು. ವಸ್ತು ದುರ್ಬಲವಾಗುತ್ತ ಹೋಗುವ ಹಂತದಲ್ಲಿ, ಮೆಶ್ ಸಣ್ಣದು ಮಾಡಿದಷ್ಟೂ ಹಾನಿಯೆಲ್ಲ ಒಂದೇ ಸಾಲಿನ ತುಣುಕುಗಳಿಗೆ ಸೇರಿಕೊಳ್ಳುತ್ತದೆ. ಮುರಿಯಲು ಬೇಕಾದ ಶಕ್ತಿ ಸೊನ್ನೆಯ ಕಡೆಗೆ ಇಳಿಯುತ್ತ ಹೋಗುತ್ತದೆ. ಅಂದರೆ ಸ್ಲೈಪ್ನರ್‌ಗೆ ಹಿಡಿಸಿದ ಮದ್ದು ಇಲ್ಲಿ ರೋಗ ಹೆಚ್ಚಿಸುತ್ತದೆ. ಕಾಂಕ್ರೀಟಿಗಾಗಿ ಬಾಜಾಂಟ್ ಮತ್ತು ಓ ಎಂಬುವರು 1983ರಲ್ಲೇ ಇದಕ್ಕೊಂದು ದಾರಿ ತೋರಿಸಿದರು. ಬಿರುಕಿನ ಪಟ್ಟಿಗೆ ಒಂದು ಅಗಲ ಕೊಟ್ಟು, ಮುರಿಯುವ ಶಕ್ತಿಯನ್ನು ಮೆಶ್ ಮೇಲೆ ಬಿಡದೆ ಕಟ್ಟಿಹಾಕಿದರು. 1998ರಲ್ಲಿ ಫ್ರಾಂಕ್‌ಫೋರ್ಟ್ ಮತ್ತು ಮಾರಿಗೋ ಹಾಕಿದ ತಳಹದಿಯಿಂದ ಬೆಳೆದ, ಬಿರುಕನ್ನು ಚೂಪಾದ ಗೆರೆಯ ಬದಲು ಹರಡಿದ ಪಟ್ಟಿಯಾಗಿ ನೋಡುವ ಫೇಸ್ ಫೀಲ್ಡ್ ವಿಧಾನ ಈಗ ಬಹಳ ಪ್ರಚಾರದಲ್ಲಿದೆ. ನಾನೂ ಅದರ ಅಭಿಮಾನಿಯೇ. ಆದರೆ ಎರಡಕ್ಕೂ ಹೊರಗಿನಿಂದ ಕೊಡಬೇಕಾದ್ದು ಇದ್ದೇ ಇದೆ: ಮುರಿಯುವ ಶಕ್ತಿ ಎಷ್ಟು, ಅದು ಹರಡಿಕೊಳ್ಳುವ ಅಳತೆ ಎಷ್ಟು. ನಾಚ್ ಹಾಕಿದ ತುಂಡು ಮುರಿಯದೆ ಅವು ಗೊತ್ತಾಗುವುದಿಲ್ಲ. ನಾಚ್ ಅಂದರೆ ತುಂಡಿನ ಅಂಚಿನಲ್ಲಿ ಬೇಕಂತಲೇ ಹಾಕುವ ಗೀರು.

ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯ 2012ರಲ್ಲಿ ಒಂದು ಸವಾಲು ಹಾಕಿತು. ನಾಚ್ ಮತ್ತು ರಂಧ್ರಗಳಿರುವ ಒಂದು ಸ್ಟೇನ್‌ಲೆಸ್ ಸ್ಟೀಲ್ ತುಂಡಿನ ನಕ್ಷೆ, ಆ ಲೋಹದ ಟೆಸ್ಟ್ ಮಾಹಿತಿ ಎಲ್ಲವನ್ನೂ ಸಂಶೋಧಕರ ತಂಡಗಳಿಗೆ ಕೊಟ್ಟಿತು. ಎಷ್ಟು ಬಲಕ್ಕೆ ಬಿರುಕು ಬಿಡುತ್ತದೆ, ಯಾವ ರಂಧ್ರದ ಕಡೆ ಓಡುತ್ತದೆ, ಮೊದಲೇ ಹೇಳಿ ಅಂದಿತು. ಉತ್ತರ ಮೊದಲು, ಪ್ರಯೋಗದ ಫಲಿತಾಂಶ ಆಮೇಲೆ. ಒಳ್ಳೊಳ್ಳೆ ತಂಡಗಳ ಉತ್ತರಗಳೂ ಒಂದಕ್ಕೊಂದು ದೂರ ದೂರ ಹೋದವು. ತುಂಡು ಕೊರೆಯುವಾಗ ಅಳತೆಯಲ್ಲಾದ ಸಣ್ಣ ಹೆಚ್ಚುಕಮ್ಮಿ ಕೂಡ ಬಿರುಕಿನ ದಾರಿಯನ್ನು ಪ್ರಭಾವಿಸಿದ್ದು ಬೆಳಕಿಗೆ ಬಂತು. ಅದು ಯಾವ ನಕ್ಷೆಯಲ್ಲೂ ಇರಲಿಲ್ಲ, ತುಂಡನ್ನೇ ಅಳೆದಾಗ ಮಾತ್ರ ಸಿಕ್ಕಿತು. 2014ರಲ್ಲಿ ಟೈಟಾನಿಯಂ ಮಿಶ್ರಲೋಹ, 2017ರಲ್ಲಿ ಪದರ ಪದರವಾಗಿ ಪ್ರಿಂಟ್ ಮಾಡಿದ ಸ್ಟೀಲ್ ಇಟ್ಟು ಮತ್ತೆ ಇದೇ ಸವಾಲು ನಡೆಯಿತು. ನಮ್ಮ ಕ್ಷೇತ್ರಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಕೆಲಸ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ. ಸಾಮಾನ್ಯವಾಗಿ ನಾವು ಮಾಡುವುದು ಉಲ್ಟಾ. ಫಲಿತಾಂಶ ಕೈಯಲ್ಲಿಟ್ಟುಕೊಂಡು, ಗ್ರಾಫ್ ಕೂಡಿ ಬರುವವರೆಗೆ ಸಂಖ್ಯೆ ತಿರುಗಿಸಿ, 'ಉತ್ತಮ ಹೊಂದಾಣಿಕೆ' ಅಂತ ಬರೆಯುತ್ತೇವೆ.

ವಸ್ತುವಿಗೆ ತನ್ನ ಹಿಂದಿನದೆಲ್ಲ ನೆನಪಿರುತ್ತದೆ ಅನ್ನುವುದನ್ನೂ ಸೇರಿಸಬೇಕು. 1880ರ ದಶಕದಲ್ಲೇ ಮ್ಯೂನಿಕ್‌ನ ಯೋಹಾನ್ ಬೌಶಿಂಗರ್ ಇದನ್ನು ಕಂಡಿದ್ದರು. ಒಂದು ದಿಕ್ಕಿಗೆ ಮಿತಿ ಮೀರಿ ಎಳೆದ ಲೋಹ, ತಿರುಗಿಸಿ ಒತ್ತಿದಾಗ ಮೊದಲಿಗಿಂತ ಬೇಗ ಸೋಲುತ್ತದೆ. ಇದರಂಥದ್ದೇ ನೆನಪು ಕಾಮೆಟ್ ವಿಮಾನದ ವಿಷಯದಲ್ಲಿ ದುಬಾರಿಯಾಯಿತು. 1954ರ ಜನವರಿಯಲ್ಲಿ ಒಂದು, ಏಪ್ರಿಲ್‌ನಲ್ಲಿ ಇನ್ನೊಂದು, ಎರಡು ಕಾಮೆಟ್‌ಗಳು ಆಕಾಶದಲ್ಲೇ ಒಡೆದು ಬಿದ್ದವು. ಮೊದಲನೆಯದು 1,290 ಸಲ, ಎರಡನೆಯದು 900 ಸಲ ಗಾಳಿಯೊತ್ತಡ ತುಂಬಿ ಹಾರಿದ್ದವು. ತಯಾರಿಸುವಾಗ ಪರೀಕ್ಷೆ ಮಾಡಿರಲಿಲ್ಲವಾ? ಮಾಡಿದ್ದರು. ಪರೀಕ್ಷೆಗೆ ಇಟ್ಟ ಭಾಗ ಸುಮಾರು 16,000 ಸಲ ತಡೆದಿತ್ತು. ಆದರೆ ಅದಕ್ಕೂ ಮುಂಚೆ ಅದೇ ಭಾಗದ ಮೇಲೆ ಗಟ್ಟಿತನ ನೋಡಲು ಎರಡು ಪಟ್ಟು ಒತ್ತಡ ಹಾಕಿದ್ದರು. ಆಗ ಕಿಂಡಿಗಳ ಮೂಲೆಯ ಲೋಹ ಸ್ವಲ್ಪ ಶಾಶ್ವತವಾಗಿ ಹಿಗ್ಗಿ, ಒತ್ತಡ ಇಳಿಸಿದ ಮೇಲೆ ಅಲ್ಲಿ ಒಳಮುಖದ ಒತ್ತು ಉಳಿದುಕೊಂಡಿತು. ಬಿರುಕು ತೆರೆಯದಂತೆ ಆ ಒತ್ತು ಕಾಯಿತು. ಪ್ರಯಾಣಿಕರು ಕೂತ ವಿಮಾನಗಳಿಗೆ ಆ ಕಾವಲು ಇರಲಿಲ್ಲ. ಕೊನೆಗೆ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಒಂದು ಇಡೀ ವಿಮಾನವನ್ನು ನೀರಿನ ತೊಟ್ಟಿಯೊಳಗೆ ಇಟ್ಟು, ಒತ್ತಡ ಏರಿಸಿ ಇಳಿಸಿ, ಹಿಂದಿನ ಹಾರಾಟಗಳೂ ಸೇರಿ ಸುಮಾರು 3,057 ಸಲವಾದಾಗ ಅದು ಸೀಳಿತು.

ಟೆಸ್ಟ್ ಮಾಡಿದರೆ ಸಾಕು ಅಂತ ನಾನು ಹೇಳುತ್ತಿಲ್ಲ ಅನ್ನುವುದು ಇದರಿಂದ ಗೊತ್ತಾಗಬೇಕು. ಟೆಸ್ಟೂ ದಾರಿ ತಪ್ಪಿಸುತ್ತದೆ. ಆ ಮೂಲೆಯಲ್ಲಿ ಉಳಿದ ಒತ್ತನ್ನು ಇವತ್ತು ಲೆಕ್ಕ ಹಾಕಿ ತೋರಿಸಬಹುದು, ಆ ಟೆಸ್ಟ್ ನಂಬಬೇಡಿ ಅಂತ ಎಚ್ಚರಿಸಬಹುದು. ಲೆಕ್ಕದವರೂ ಮುರಿಯುವವರೂ ಒಂದೇ ಕಾರಿಡಾರಿನಲ್ಲಿ ಇರಬೇಕು ಅಂತ ಕೇಳುವುದು ಇದಕ್ಕೇ.

ಇನ್ನೊಂದು ಮಾತು. ಸಿಮ್ಯುಲೇಶನ್ ನಾವು ಒಳಗೆ ಬರೆದದ್ದನ್ನು ಮಾತ್ರ ಹೊರಗೆ ತೋರಿಸುತ್ತದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ವೆಲ್ಡ್ ಮಾಡಿ ಕಟ್ಟಿದ ಲಿಬರ್ಟಿ ಹಡಗುಗಳಲ್ಲಿ ಕೆಲವು ಚಳಿಯ ನೀರಿನಲ್ಲಿ ಬಿರುಕು ಬಿಟ್ಟು ಒಡೆದವು. ಬೈಗುಳ ವೆಲ್ಡಿಂಗ್ ಮೇಲೆ ಬಿತ್ತು. ಕೇಂಬ್ರಿಜ್‌ನಲ್ಲಿ ಕಾನ್ಸ್ಟನ್ಸ್ ಟಿಪ್ಪರ್ ಸ್ಟೀಲ್ ತುಂಡುಗಳನ್ನು ತಣ್ಣಗೆ ಮಾಡಿ ಮುರಿದು ನೋಡಿ, ಒಂದು ತಾಪಮಾನದ ಕೆಳಗೆ ಆ ಸ್ಟೀಲೇ ಗಾಜಿನ ಹಾಗೆ ಒಡೆಯುತ್ತದೆ ಅಂತ ತೋರಿಸಿದರು. ಚಳಿಗೆ ಸ್ವಭಾವ ಬದಲಾಗುತ್ತದೆ ಅಂತ ಬರೆಯದ ಮಾಡೆಲನ್ನು ಸಾವಿರ ಸಲ ಓಡಿಸಿದ್ದರೂ ಅದು ಈ ಸುದ್ದಿ ಹೇಳುತ್ತಿರಲಿಲ್ಲ.

ಈಗ ಎಲ್ಲ ಅರ್ಜಿಗಳಲ್ಲೂ ಎಐ ಇರುತ್ತದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದರಲ್ಲಿ ಒಳ್ಳೆಯ ಕೆಲಸವೂ ಇದೆ. ಗಂಟೆಗಟ್ಟಲೆ ಓಡುವ ಲೆಕ್ಕವನ್ನು ಕ್ಷಣದಲ್ಲಿ ಮುಗಿಸುವ ನ್ಯೂರಲ್ ನೆಟ್‌ವರ್ಕ್ ಯಾರಿಗೆ ಬೇಡ? ಆದರೆ ಅದಕ್ಕೆ ಪಾಠ ಹೇಳಿದ್ದು ಯಾವ ಮಾಹಿತಿಯಿಂದ ಅಂತ ಒಮ್ಮೆ ಕೇಳಿ ನೋಡಿ. ಎಷ್ಟೋ ಸಲ ನಮ್ಮದೇ ಸಿಮ್ಯುಲೇಶನ್‌ಗಳಿಂದ. ಹಾಗಾದಾಗ ಅದು ಕಲಿಯುವುದು ಲೋಹವನ್ನಲ್ಲ, ನನ್ನ ಮಾಡೆಲನ್ನು, ಅದರ ತಪ್ಪುಗಳ ಸಮೇತ. ತಪ್ಪು ಈಗ ಬೇಗ ಬರುತ್ತದೆ, ಅಷ್ಟೇ ವ್ಯತ್ಯಾಸ. 2016ರಲ್ಲಿ ಕಿರ್ಚ್‌ಡೋರ್ಫರ್ ಮತ್ತು ಓರ್ಟಿಜ್, ಮಾಡೆಲ್ಲೇ ಇಲ್ಲದೆ ಟೆಸ್ಟ್ ಮಾಹಿತಿಯ ಮೇಲೆ ನೇರವಾಗಿ ಲೆಕ್ಕ ಹಾಕುವ ವಿಧಾನ ಕೊಟ್ಟರು. ಬಹಳ ಚಂದದ ವಿಚಾರ. ಅದು ನಡೆಯಬೇಕಾದರೆ ಮುರಿಯುವ ಲ್ಯಾಬಿನಿಂದ ಇವತ್ತಿಗಿಂತ ಎಷ್ಟೋ ಪಟ್ಟು ಮಾಹಿತಿ ಬೇಕು. ಲ್ಯಾಬ್ ಮುಚ್ಚಿ ಆ ದಾರಿ ಹಿಡಿಯಲು ಹೇಗೆ ಸಾಧ್ಯ?

ಕಾಲದ ವಿಷಯದಲ್ಲೂ ನಿಮ್ಮ ಹತ್ತಿರ ಸ್ವಲ್ಪ ಜಗಳ ಇದೆ. ಬಿಸಿಯಲ್ಲಿ ನಿರಂತರವಾಗಿ ಭಾರ ಹೊತ್ತ ಲೋಹ ನಿಧಾನವಾಗಿ ಉದ್ದವಾಗುತ್ತ ಹೋಗುತ್ತದೆ. ಇದಕ್ಕೆ ಕ್ರೀಪ್ ಅನ್ನುತ್ತಾರೆ. ವಿದ್ಯುತ್ ಸ್ಥಾವರದ ಬಾಯ್ಲರ್ ಕೊಳವೆಗಳ ವಿನ್ಯಾಸದಲ್ಲಿ 1 ಲಕ್ಷ ಗಂಟೆ ತಡೆಯುವ ಬಲ ಎಷ್ಟು ಅಂತ ನೋಡುತ್ತಾರೆ. ಅಂದರೆ 11 ವರ್ಷಕ್ಕೂ ಜಾಸ್ತಿ. ಈಗ ನಿಮ್ಸ್ ಅಂತ ಕರೆಯುವ ಜಪಾನಿನ ಸಂಸ್ಥೆಯಲ್ಲಿ 1969ರಲ್ಲಿ ಕಾರ್ಬನ್ ಸ್ಟೀಲ್ ತುಂಡೊಂದಕ್ಕೆ ಭಾರ ತೂಗುಹಾಕಿದ ಪರೀಕ್ಷೆ 40 ವರ್ಷಕ್ಕೂ ಹೆಚ್ಚು ಕಾಲ ನಡೆದು 2011ರಲ್ಲಿ ದಾಖಲೆ ಮಾಡಿತು. ನಿಮ್ಮ ಅನುದಾನದ ಅವಧಿ ಮೂರು ವರ್ಷ. ಆರು ತಿಂಗಳಿಗೊಮ್ಮೆ ಪ್ರಗತಿ ವರದಿ. "ಈ ಅವಧಿಯಲ್ಲಿ ತುಂಡು ಇನ್ನೂ ಮುರಿದಿಲ್ಲ" ಅಂತ ಬರೆದು ಕಳಿಸಿದರೆ ಮುಂದಿನ ಕಂತು ಬರುತ್ತದಾ? ಅದಕ್ಕೇ ಎಲ್ಲರೂ ಸಣ್ಣ ಟೆಸ್ಟ್ ಮಾಡಿ, ಗೆರೆ ಮುಂದಕ್ಕೆ ಎಳೆದು, ಉಳಿದದ್ದನ್ನು ಲೆಕ್ಕಕ್ಕೆ ಬಿಡುತ್ತಾರೆ.

ಟೆಕ್ನಿಷಿಯನ್‌ಗಳ ಬಗ್ಗೆ ಹೇಳದಿದ್ದರೆ ಈ ಪತ್ರ ಬರೆದು ಪ್ರಯೋಜನ ಇಲ್ಲ. ಲಂಡನ್ನಿನ ಸದರ್ಕ್ ಸ್ಟ್ರೀಟಿನಲ್ಲಿ ಡೇವಿಡ್ ಕರ್ಕಾಲ್ಡಿ 1874ರಲ್ಲಿ ತೆರೆದ ಟೆಸ್ಟಿಂಗ್ ಕಟ್ಟಡ ಇವತ್ತಿಗೂ ಇದೆ. ಒಳಗೆ ಅವನ ದೈತ್ಯ ಮಷೀನಿದೆ. ಬಾಗಿಲ ಮೇಲೆ 'ಸಂಗತಿಗಳು, ಅಭಿಪ್ರಾಯಗಳಲ್ಲ' ಅನ್ನುವ ಅರ್ಥದ ಸಾಲು ಕೆತ್ತಿದೆ. ಸ್ಕಾಟ್ಲೆಂಡಿನಲ್ಲಿ ಕುಸಿದುಬಿದ್ದ ಟೇ ಸೇತುವೆಯ ಭಾಗಗಳು ಪರೀಕ್ಷೆಗೆ ಬಂದದ್ದು ಅಲ್ಲಿಗೇ. ಆ ಮಷೀನಿನ ಮುಂದೆ ನಿಂತವರಿಗೆ ಗೊತ್ತಿದ್ದದ್ದು ಯಾವ ಮ್ಯಾನ್ಯುಯಲ್‌ನಲ್ಲೂ ಪೂರ್ತಿ ಇರುವುದಿಲ್ಲ. ತುಂಡು ಹಿಡಿಕೆಯಲ್ಲಿ ಒಂದು ಕೂದಲೆಳೆ ವಾಲಿದ್ದರೂ ಎಳೆತದ ಜೊತೆ ಬಾಗುವಿಕೆ ಸೇರುತ್ತದೆ. ಹಿಡಿಕೆಯ ಹಲ್ಲು ಸವೆದಿದ್ದರೆ ತುಂಡು ಜಾರುತ್ತದೆ, ಗ್ರಾಫಿನಲ್ಲಿ ಅದು ಲೋಹದ ಗುಣದ ಹಾಗೇ ಕಾಣುತ್ತದೆ. ಒಳ್ಳೆಯ ಟೆಕ್ನಿಷಿಯನ್ ಗ್ರಾಫಿನ ಮೊದಲ ಇಂಚು ನೋಡಿಯೇ "ನಿಲ್ಲಿಸಿ, ಇದು ಸರಿ ಇಲ್ಲ" ಅನ್ನುತ್ತಾರೆ. ಅವರು ಗುತ್ತಿಗೆಯ ಮೇಲೆ ವರ್ಷಕ್ಕೊಬ್ಬರು ಬದಲಾಗುವ ಹುದ್ದೆಯಲ್ಲಿ ತಯಾರಾಗುವುದಿಲ್ಲ.

ನನ್ನ ಕೋರಿಕೆಗಳಲ್ಲಿ ಮೊದಲನೆಯದಕ್ಕೆ ಖರ್ಚೇ ಇಲ್ಲ. ಅರ್ಜಿಯ ನಮೂನೆಯಲ್ಲಿ ಒಂದು ಪ್ರಶ್ನೆ ಸೇರಿಸಿ: ನಿಮ್ಮ ಮಾಡೆಲ್‌ಗೆ ಹಾಕುವ ಪ್ರತಿ ಸಂಖ್ಯೆ ಎಲ್ಲಿಂದ ಬಂತು? ಯಾವ ತಗಡು, ಯಾವ ಸ್ಥಿತಿ, ಯಾರು ಎಳೆದರು, ಎಷ್ಟು ತುಂಡುಗಳನ್ನು ಎಳೆದರು, ಅವುಗಳ ನಡುವೆ ಎಷ್ಟು ವ್ಯತ್ಯಾಸ ಬಂತು? 'ಹಿಂದಿನ ಪ್ರಕಟಣೆಗಳಿಂದ' ಅನ್ನುವ ಉತ್ತರ ಬಂದರೆ ಅರ್ಜಿ ವಾಪಸ್ ಕಳಿಸಿ. ಮೊದಲ ವರ್ಷ ನಮ್ಮ ಕಡೆಯಿಂದ ಗಲಾಟೆ ಆಗುತ್ತದೆ, ಆಗಲಿ.

ಎರಡನೆಯದು, ಮೊದಲೇ ಹೇಳುವ ಅಭ್ಯಾಸಕ್ಕೆ ಬೆಲೆ ಕೊಡಿ. ಟೆಸ್ಟ್ ನಡೆಯುವ ಮುಂಚೆ ಲೆಕ್ಕದ ಉತ್ತರವನ್ನು ದಿನಾಂಕ ಹಾಕಿ ನಿಮ್ಮ ಕಚೇರಿಗೆ ಸಲ್ಲಿಸಲಿ. ಆಮೇಲೆ ತುಂಡು ಮುರಿಯಲಿ. ಉತ್ತರ ತಪ್ಪಿದರೆ ಅನುದಾನ ಕತ್ತರಿಸಬೇಡಿ. ಯಾಕೆ ತಪ್ಪಿತು ಅಂತ ಬರೆಸಿ, ಅದನ್ನೂ ಪ್ರಕಟಣೆ ಅಂತ ಪರಿಗಣಿಸಿ. ತಪ್ಪಿದ ಮುನ್ಸೂಚನೆ ಬಚ್ಚಿಡಬೇಕಾದ ಸಂಗತಿ ಆಗಿರುವವರೆಗೆ ಎಲ್ಲ ಪೇಪರುಗಳಲ್ಲೂ 'ಉತ್ತಮ ಹೊಂದಾಣಿಕೆ'ಯೇ ಬರುತ್ತಿರುತ್ತದೆ.

ಹಾಗೆಯೇ, ಟೆಸ್ಟ್‌ನ ಕಚ್ಚಾ ಮಾಹಿತಿಯನ್ನು ಎಲ್ಲರಿಗೂ ಸಿಗುವಂತೆ ಇಡುವವರಿಗೆ ಬಡ್ತಿಯಲ್ಲಿ ಅಂಕ ಕೊಡಿ. ಪೇಪರಿನಲ್ಲಿ ಮುದ್ರಿಸಿದ ಗ್ರಾಫಿನ ಮೇಲೆ ಮೌಸ್ ಕ್ಲಿಕ್ ಮಾಡುತ್ತ ಬಿಂದುಗಳನ್ನು ಎತ್ತಿಕೊಳ್ಳುವ ಕೆಲಸ ನಮ್ಮ ವಿದ್ಯಾರ್ಥಿಗಳು ಇವತ್ತಿಗೂ ಮಾಡುತ್ತಿದ್ದಾರೆ. ಇದು ನಾಚಿಕೆಗೇಡು.

ಟೆಕ್ನಿಷಿಯನ್ ಹುದ್ದೆ, ಕ್ಯಾಲಿಬ್ರೇಶನ್, ಹಿಡಿಕೆಗಳ ರಿಪೇರಿ, ಇವನ್ನೆಲ್ಲ ಪ್ರಾಜೆಕ್ಟಿನ ತಲೆಗೆ ಕಟ್ಟದೆ ವಿಭಾಗದ ಕಾಯಂ ಖರ್ಚಿನಲ್ಲಿ ಸೇರಿಸಿ. ಕಂಪ್ಯೂಟರ್ ಕೋಣೆಯ ವಿದ್ಯುತ್ ಬಿಲ್ಲನ್ನು ಯಾರೂ ಪ್ರಾಜೆಕ್ಟಿನವರ ಹತ್ತಿರ ಕೇಳುವುದಿಲ್ಲವಲ್ಲ. ಮೂರು ವರ್ಷಕ್ಕೆ ಮುಗಿಯದ ಟೆಸ್ಟ್‌ಗಳಿಗೆ ಒಂದು ಬೇರೆ ನಿಧಿ ಇರಲಿ, ಸಣ್ಣದಾದರೂ ಪರವಾಗಿಲ್ಲ. ಅದನ್ನು ಒಂದು ವಿಶ್ವವಿದ್ಯಾಲಯ ಹೊರಲಾರದಿದ್ದರೆ ನಾಲ್ಕು ಸೇರಿ ಹೊರಲಿ.

ಇದರ ವಿರುದ್ಧ ಒಂದು ನ್ಯಾಯವಾದ ಮಾತಿದೆ. ಎಲ್ಲ ವಿಭಾಗಕ್ಕೂ ಎಲ್ಲ ಮಷೀನು ಬೇಡ. ನಿಜ, ಒಪ್ಪುತ್ತೇನೆ. ಜೋರಾಗಿ ಹೊಡೆದು ಅಳೆಯುವ ಹಾಪ್ಕಿನ್ಸನ್ ಬಾರ್, ದೊಡ್ಡ ಕಾಂಕ್ರೀಟ್ ತೊಲೆ ಮುರಿಯುವ ಚೌಕಟ್ಟು, ಇಂಥವನ್ನು ಹಂಚಿಕೊಳ್ಳಬಹುದು. ಆದರೆ ಒಂದು ಸಾಧಾರಣ ಎಳೆಯುವ ಮಷೀನು, ಅದನ್ನು ಬಲ್ಲ ಒಬ್ಬ ವ್ಯಕ್ತಿ, ತುಂಡು ಕತ್ತರಿಸುವ ಒಂದು ವರ್ಕ್‌ಶಾಪು, ಇವು ಲೆಕ್ಕ ಹಾಕುವವರು ನಡೆದು ಹೋಗುವಷ್ಟು ದೂರದಲ್ಲಿ ಇರಲೇಬೇಕು. ಕಂಪ್ಯೂಟೇಶನಲ್ ವಿದ್ಯಾರ್ಥಿಗೂ ತನ್ನ ವಸ್ತುವಿನ ಕೆಲವು ತುಂಡುಗಳನ್ನಾದರೂ ತಾನೇ ಮುರಿದಿರಬೇಕು ಅಂತ ಪಿಎಚ್‌ಡಿ ನಿಯಮದಲ್ಲಿ ಬರೆದರೆ ನನ್ನ ಆಕ್ಷೇಪ ಇಲ್ಲ. ನನ್ನ ವಿದ್ಯಾರ್ಥಿಗಳು ಬೈದುಕೊಂಡರೂ ಪರವಾಗಿಲ್ಲ.

ಮುಂದಿನ ಸಭೆಯಲ್ಲಿ ನಿಮ್ಮ ಮುಂದೆ ಎರಡು ಕಡತಗಳು ಬರಬಹುದು, ಒಂದು ಕಂಪ್ಯೂಟಿಂಗ್ ವಿಸ್ತರಣೆಯದು, ಇನ್ನೊಂದು ಟೆಸ್ಟಿಂಗ್ ಲ್ಯಾಬಿನದು. ಒಂದನ್ನು ಮಂಜೂರು ಮಾಡಿ ಇನ್ನೊಂದನ್ನು ಮುಂದೂಡುವ ಮುಂಚೆ ಎರಡನ್ನೂ ವಾಪಸ್ ಕಳಿಸಿ, ಎರಡೂ ಕಡೆಯವರು ಸೇರಿ ಒಂದೇ ಅರ್ಜಿ ಬರೆದುಕೊಂಡು ಬರಲು ಹೇಳಿ. ನಮ್ಮ ಕಡೆಯಿಂದ ಸಹಿ ಹಾಕಲು ನಾನು ತಯಾರಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಕಂಪ್ಯೂಟೇಶನಲ್ ಮೆಕ್ಯಾನಿಕ್ಸ್‌ನ ಒಬ್ಬ ಅಧ್ಯಾಪಕ